ಪಟ್ಟಿ ತೊಟ್ಟಿಲಿನ ಗುಂಡುಕಲ್ಲು

ನೀವಿಬ್ಬರೂ ಮಲಗಿ ಬೆಳೆದ ತೊಟ್ಟಿಲು ಈಗ ನಮ್ಮ ಮನೆಯ ಅಟ್ಟದ ಮೇಲಿದೆ. ನಿಮ್ಮ ಮಾವ ಅದರೊಳಗೆ ಹಳೆಯ ಟೇಬಲ್ ಫ್ಯಾನು, ದೀಪಾವಳಿಯ ಆಕಾಶಬುಟ್ಟಿ, ಇನ್ನೂ ಏನೇನೋ ತುಂಬಿಟ್ಟಿದ್ದಾನೆ. ಕಳೆದ ರಜೆಗೆ ಬಂದಾಗ ನಿಮ್ಮಲ್ಲಿ ದೊಡ್ಡವಳು ಏಣಿ ಹತ್ತಿ ಅದನ್ನು ನೋಡಿ ಒಂದು ಪ್ರಶ್ನೆ ಕೇಳಿದಳು. ಅಜ್ಜಿಯ ಬುಟ್ಟಿಗಳಲ್ಲೆಲ್ಲ ಪಟ್ಟಿಗಳು ಉದ್ದಕ್ಕೆ, ಅಡ್ಡಕ್ಕೆ ಇವೆ. ಇದರ ತಳದಲ್ಲಿ ಮಾತ್ರ ಓರೆಯಾಗಿಯೂ ಏಕೆ ಇವೆ ಎಂದು. ಒಲೆಯ ಮೇಲೆ ಹಾಲಿತ್ತು. ಆಮೇಲೆ ಹೇಳುತ್ತೇನೆ ಅಂದೆ, ಹೇಳಲಿಲ್ಲ. ಎದುರಿಗೆ ಕೂತು ಹೇಳುವುದು ನನಗೆ ಮೊದಲಿನಿಂದಲೂ ಬಾರದು. ನಾಲ್ಕು ಜನ ನನ್ನ ಬಾಯಿ ನೋಡಿದರೆ ಮಾತು ಅಲ್ಲೇ ನಿಂತುಬಿಡುತ್ತದೆ. ಬರೆಯುವಾಗ ಯಾರೂ ನೋಡುವುದಿಲ್ಲ. ಊರಿನ ಶಾಲೆಯಲ್ಲಿ ಕಲಿತ ಅಕ್ಷರ ಇಷ್ಟಕ್ಕೆ ಸಾಕು.

ಪಟ್ಟಿಗಳು ನಮ್ಮ ಮನೆಗೆ ಬಂದದ್ದು ಹೀರೇಬಳ್ಳಿಯ ನೆಪದಲ್ಲಿ. ನಿಮ್ಮ ಮಾವ ಇಲ್ಲೇ ಊರಂಚಿನ ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದಾನೆ. ಅಲ್ಲಿಗೆ ಬರುವ ಪೆಟ್ಟಿಗೆಗಳಿಗೆಲ್ಲ ಬೆರಳಗಲದ ಪ್ಲಾಸ್ಟಿಕ್ ಪಟ್ಟಿ ಬಿಗಿದಿರುತ್ತದೆ. ಪೆಟ್ಟಿಗೆ ಬಿಚ್ಚಿದ ಮೇಲೆ ಪಟ್ಟಿಗೆ ಬೆಲೆಯಿಲ್ಲ, ಗೋಡೆಯ ಪಕ್ಕ ರಾಶಿ ಬೀಳುತ್ತದೆ. ಹಿತ್ತಲಿನ ಬಳ್ಳಿ ಕಟ್ಟಲಿಕ್ಕೆ ಹಗ್ಗ ಬೇಕು ಅಂದದ್ದಕ್ಕೆ ಅವನು ಒಂದು ಹೊರೆ ಪಟ್ಟಿ ತಂದು ಹಾಕಿದ. ಹಳದಿ, ನೀಲಿ, ಬಿಳಿ, ಹಸಿರು. ಬಳ್ಳಿಗೆ ಅದು ಸರಿಹೋಗಲಿಲ್ಲ, ಅಂಚು ಹರಿತ, ಕಾಂಡವನ್ನು ಕೊಯ್ದುಬಿಟ್ಟಿತು. ಹೊರೆ ಹಾಗೇ ಉಳಿಯಿತು.

ಆಗ ನಿಮ್ಮ ಅಜ್ಜ ಹೋಗಿ ಒಂದು ಮಳೆಗಾಲ ಕಳೆದಿತ್ತು. ಮನೆಯಲ್ಲಿ ನಾನು, ನಿಮ್ಮ ಮಾವ, ಇಬ್ಬರೇ. ಅವನು ಕೆಲಸಕ್ಕೆ ಹೋದ ಮೇಲೆ ಸರಸ್ವತಿ ನಗರದ ಆ ಮನೆಯಲ್ಲಿ ಗಡಿಯಾರದ ಸದ್ದು ಜೋರಾಗುತ್ತಿತ್ತು. ಮಾರುಕಟ್ಟೆಗೆ ಹೋದರೆ ಒಬ್ಬ ತರಕಾರಿಯಾಕೆಯ ಬುಟ್ಟಿ ನನ್ನ ಕಣ್ಣಿಗೆ ಬೀಳುತ್ತಿತ್ತು. ಅಂಥದೇ ಪಟ್ಟಿಗಳಿಂದ ಹೆಣೆದ ಬುಟ್ಟಿ. ಹೆಂಗೆ ಹೆಣೆದೆ ಎಂದು ಕೇಳಿದ್ದರೆ ಹೇಳುತ್ತಿದ್ದಳು. ಕೇಳಲಿಕ್ಕೆ ನನ್ನಿಂದ ಆಗಲಿಲ್ಲ. ಅದಕ್ಕೆ ಬದಲಾಗಿ ಬದನೆಕಾಯಿ ಕೊಂಡೆ. ಆರಿಸುವ ನೆಪದಲ್ಲಿ ಬುಟ್ಟಿಯ ಅಂಚನ್ನು, ಮೂಲೆಯನ್ನು, ಹಿಡಿಯನ್ನು ನೋಡುತ್ತಿದ್ದೆ. ಮತ್ತೆ ಮರುದಿನವೂ ಬದನೆಕಾಯಿ. ಡಾಕ್ಟರು ಏನಾದರೂ ಬರೆದುಕೊಟ್ಟಿದ್ದಾರೇನವ್ವ ಎಂದು ನಿಮ್ಮ ಮಾವ ಊಟದ ತಟ್ಟೆ ನೋಡಿ ಕೇಳಿದ. ಕೊನೆಗೆ ತರಕಾರಿಯಾಕೆಗೇ ಕನಿಕರ ಬಂತೋ, ಬೇಸರ ಬಂತೋ, ಹರಿದ ಒಂದು ಹಳೆಯ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು.

"ಬರೇ ನೋಡಿದ್ರೆ ಹೆಂಗೆ ಬರುತ್ತವ್ವಾ? ತಗೊಂಡ್ ಹೋಗ್ರಿ, ಬಿಚ್ಚಿ ನೋಡ್ರಿ. ಬದನೆಕಾಯಿ ಬ್ಯಾಡ ಇವತ್ತು."

ಹಾಗೆ ಬಿಚ್ಚಿ, ಮತ್ತೆ ಹೆಣೆದು, ಮತ್ತೆ ಬಿಚ್ಚಿ ಕಲಿತೆ. ಪಟ್ಟಿಯನ್ನು ಮೊದಲು ಸೋಪಿನ ನೀರಲ್ಲಿ ನೆನೆಸಿ ಒರೆಸಬೇಕು. ಕ್ಲಿಪ್ಪು ಕಚ್ಚಿದ ಜಾಗ ಕತ್ತರಿಸಿ ಎಸೆಯಬೇಕು. ಬೆರಳಿಗೆ ಹಳೆಯ ಬಟ್ಟೆ ಸುತ್ತಿಕೊಳ್ಳದಿದ್ದರೆ ಅಂಚು ಚರ್ಮ ಸೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಮಡಿಕೆ. ಪೆಟ್ಟಿಗೆಯ ಮೂಲೆಯಲ್ಲಿ ಪಟ್ಟಿ ಎಲ್ಲೆಲ್ಲಿ ಮಡಿಸಿರುತ್ತದೋ ಅಲ್ಲಲ್ಲಿ ಒಂದು ಬಿಳಿಯ ಗೆರೆ ಬಿದ್ದಿರುತ್ತದೆ. ಪಟ್ಟಿ ಮುರಿದರೆ ಅಲ್ಲೇ ಮುರಿಯುವುದು.

ನನ್ನ ಮೊದಲ ಒಳ್ಳೆಯ ಬುಟ್ಟಿ ರೊಟ್ಟಿಗೆಂದು ಹೆಣೆದದ್ದು. ಒಂದು ಕೂದಲೂ ತೂರದಷ್ಟು ಒತ್ತಾಗಿ ಹೆಣೆದಿದ್ದೆ. ಬಿಸಿ ಜೋಳದ ರೊಟ್ಟಿ ಸುಟ್ಟು ಸುಟ್ಟು ಅದರಲ್ಲಿ ಹಾಕಿದೆ. ಊಟಕ್ಕೆ ತೆಗೆದರೆ ಮೇಲಿನವು ಪರವಾಗಿಲ್ಲ, ಕೆಳಗಿನವು ಒದ್ದೆ ಬಟ್ಟೆಯ ಹಾಗೆ ಬೆವೆತು ಕೂತಿದ್ದವು. ಬಿದಿರಿನ ಬುಟ್ಟಿ ಹಬೆಯನ್ನು ಕುಡಿಯುತ್ತದೆ, ಪ್ಲಾಸ್ಟಿಕ್ ಕುಡಿಯುವುದಿಲ್ಲ. ಮುಂದಿನ ಬುಟ್ಟಿಯಲ್ಲಿ ಪಟ್ಟಿ ಪಟ್ಟಿಯ ನಡುವೆ ಸಂದು ಬಿಟ್ಟೆ. ಗಾಳಿ ಆಡಿತು, ರೊಟ್ಟಿ ಗರಿಗರಿ ಉಳಿಯಿತು. ಅಲ್ಲಿಂದ ನಾನು ಏನು ಹೆಣೆದರೂ ಸಂದು ಬಿಟ್ಟೇ ಹೆಣೆದೆ. ಈರುಳ್ಳಿಯ ತೂಗುಬುಟ್ಟಿ, ಒಗೆದ ಬಟ್ಟೆಯ ಬುಟ್ಟಿ, ಪೂಜೆಯ ಹೂವಿನ ಬುಟ್ಟಿ, ಗಡಿಗೆ ಇಡುವ ಸಿಂಬಿ ಕೂಡ. ಗಾಳಿ ಆಡಬೇಕು, ಇಷ್ಟೇ ನನಗೆ ಗೊತ್ತಿದ್ದ ಶಾಸ್ತ್ರ.

ಆ ಹೊತ್ತಿಗೆ ನಿಮ್ಮ ಅಮ್ಮ ಚೊಚ್ಚಲ ಹೆರಿಗೆಗೆ ಹರಿಹರದಿಂದ ನನ್ನ ಮನೆಗೆ ಬಂದಳು. ಮೊದಲ ಕೂಸಿನ ತೊಟ್ಟಿಲು ತವರಿನವರು ಕೊಡಬೇಕು, ಅದು ನಮ್ಮಲ್ಲಿ ನಡೆದುಬಂದದ್ದು. ಗಾಲಿ ಇರುವ, ಗುಂಡಿ ಒತ್ತಿದರೆ ಹಾಡುವ ತೊಟ್ಟಿಲನ್ನು ಅಂಗಡಿಯಲ್ಲಿ ನೋಡಿಬಂದಿದ್ದೇನೆ ಎಂದ ನಿಮ್ಮ ಮಾವ. ನಿಮ್ಮ ಅಮ್ಮ ನನ್ನ ಈರುಳ್ಳಿಯ ಬುಟ್ಟಿಯನ್ನು ಬೆರಳಿಂದ ತೂಗುತ್ತಾ ಕೂತಿದ್ದಳು.

"ಅವ್ವ, ನೀನೇ ಹೆಣಿ. ನನ್ನ ಕೂಸು ನಿನ್ನ ಕೈಯಾಗಿನ ತೊಟ್ಟಿಲದಾಗೇ ಮಲಗ್ಲಿ" ಅಂದಳು.

ಅಂದಿನಿಂದ ನನಗೆ ಅದೊಂದೇ ಆಸೆ ಹಿಡಿಯಿತು. ನಾನು ಹೆಣೆದದ್ದರಲ್ಲಿ ಕೂಸು ಮಲಗಬೇಕು. ಜೊತೆಗೊಂದು ಅಳುಕೂ ಇತ್ತು. ಯಜಮಾನನಿಲ್ಲದ ಮನೆಯವರು ಕಾರ್ಖಾನೆಯ ಕಸದಲ್ಲಿ ತೊಟ್ಟಿಲು ಮುಗಿಸಿದರು ಎಂದು ಹರಿಹರದವರು ಅನ್ನಬಾರದು.

ಹರಿಹರದವರು ಎಂದರೆ ಮುಖ್ಯವಾಗಿ ನಿಮ್ಮ ಹರಿಹರದ ಅಜ್ಜಿ, ನನ್ನ ಬೀಗತಿ. ಅವರ ದನಿ ನಿಮಗೆ ಗೊತ್ತೇ ಇದೆ. ಹೊಳೆಯ ಈ ದಂಡೆಯಿಂದ ಆ ದಂಡೆಗೆ ಕೇಳುತ್ತದೆ. ಸೊಸೆಯನ್ನು ನೋಡಲು ಬಂದವರು ಪಡಸಾಲೆಯಲ್ಲಿ ಹರವಿದ ಪಟ್ಟಿಗಳನ್ನು ದಾಟಿ ಕುರ್ಚಿಯಲ್ಲಿ ಕೂತರು. ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ನಿಮ್ಮ ಅಮ್ಮ ಹೇಳಿದಳು. ಅವರು ಒಂದು ಪಟ್ಟಿಯನ್ನು ಎತ್ತಿ, ಎರಡೂ ಕಡೆ ತಿರುಗಿಸಿ ನೋಡಿದರು.

"ಹುಟ್ಟೋದ್ರಾಗೇ ಕೂಸಿನ್ನ ಎಲ್ಲಿಗಾದ್ರೂ ಪಾರ್ಸಲ್ ಮಾಡ್ತೀರೇನ್ರೀ ಅಕ್ಕಾರ?"

ನಿಮ್ಮ ಅಮ್ಮ ನಕ್ಕಳು. ನಾನು ಚಹಾ ಮಾಡುತ್ತೇನೆಂದು ಎದ್ದು ಒಳಗೆ ಹೋದೆ. ಸಕ್ಕರೆ ಹಾಕಿದೆನೋ ಇಲ್ಲವೋ ನೆನಪಾಗದೆ ಮತ್ತೊಮ್ಮೆ ಹಾಕಿದೆ. ಅವರು ಆ ಪಾಯಸವನ್ನು ಕುಡಿದು ಹೋದರು.

ತೊಟ್ಟಿಲಿಗೆ ಕಾರ್ಖಾನೆಯ ಪಟ್ಟಿ ಸಾಲದು ಎಂದು ನನಗೆ ಗೊತ್ತಿತ್ತು. ಮಡಿಕೆ ಬಿದ್ದ ಪಟ್ಟಿಯ ಮೇಲೆ ಕೂಸನ್ನು ಹೇಗೆ ಮಲಗಿಸುವುದು? ಬಟ್ಟೆಯ ಬೇಲುಗಳಿಗೆ ಸುತ್ತಿದ ಪಟ್ಟಿಯಾದರೆ ಮೂಲೆ ಮಡಿಕೆ ಇರುವುದಿಲ್ಲ, ಬೇಲು ಎಂದರೆ ಬಟ್ಟೆಯ ದೊಡ್ಡ ಗಂಟು, ಅದರ ಮೂಲೆ ಮೆತ್ತಗೆ ದುಂಡಗಿರುತ್ತದೆ. ಅದಕ್ಕೆ ಚೌಕಿಪೇಟೆಯ ಜವಳಿ ಅಂಗಡಿಗಳಿಗೆ ಹೋದೆ. ಅಂಗಡಿಯ ಮುಂದೆ ಪಟ್ಟಿ ಬಿದ್ದಿತ್ತು, ಕೇಳಿದರೆ ಸಾಕಿತ್ತು. ಒಳಗಿನಿಂದ ಬರ್ರಿ, ಕೂಡ್ರಿ, ಏನು ತೋರಿಸಲಿ ಎಂದ ಕೂಡಲೇ ನನ್ನ ಬಾಯಿಂದ ಬಂದದ್ದು ಬ್ಲೌಸ್ ಪೀಸ್ ಎಂಬ ಮಾತು. ಕೊಂಡು, ಎದ್ದು, ಬಾಗಿಲಲ್ಲಿ ತಿರುಗಿ, ಆ ಪಟ್ಟಿ ನಿಮಗೆ ಬೇಡವಾಗಿದ್ದರೆ ಎಂದೆ. ತಗೊಳ್ರಿ ತಗೊಳ್ರಿ ಅಂದರು. ಹೀಗೆ ಅಂಗಡಿಯಿಂದ ಅಂಗಡಿಗೆ. ನನಗೆ ಎಂದೂ ಬೇಕಾಗದ ಬಣ್ಣದ ಬ್ಲೌಸ್ ಪೀಸುಗಳು ಮನೆಯಲ್ಲಿ ಸೇರಿದವು. ಬಾಣಂತಿ ನೋಡಲು ಬಂದವರಿಗೆ ಕೊಡಲು ಆಯಿತು ಎಂದು ನಿಮ್ಮ ಅಮ್ಮ ಸಮಾಧಾನ ಮಾಡಿದಳು.

ನಿಮ್ಮ ಮಾವನ ಗೆಳೆಯನೊಬ್ಬ ಕಬ್ಬಿಣದ ಸರಳು ಬಗ್ಗಿಸಿ ತೊಟ್ಟಿಲ ಬಾಯಿಗೆ ಚೌಕಟ್ಟು ಮಾಡಿಕೊಟ್ಟ. ಅದಕ್ಕೆ ಹಳೆಯ ಸೀರೆ ಸುತ್ತಿ, ಪಟ್ಟಿ ಹೊಲಿದಂತೆ ಹಾಯಿಸಿ, ಪಕ್ಕಗಳನ್ನು ಇಳಿಸಿ, ತಳ ಹೆಣೆದೆ. ಬಿಳಿ ಮತ್ತು ಹಳದಿ. ತಳದಲ್ಲಿ ಸಂದು ಧಾರಾಳವಾಗಿ ಬಿಟ್ಟೆ. ಕೂಸು ಬೆವರಬಾರದು, ಉಚ್ಚೆ ಹೊಯ್ದರೆ ನಿಲ್ಲಬಾರದು. ರೊಟ್ಟಿ ಕಲಿಸಿದ ಪಾಠವನ್ನು ನಾನು ಅಷ್ಟು ನಂಬಿದ್ದೆ. ಮುಗಿದ ಮೇಲೆ ತೂಗುಹಾಕಿ ಅಕ್ಕಿಯ ಚೀಲ ಇಟ್ಟು ನೋಡಿದೆ. ಜಗ್ಗಲಿಲ್ಲ. ಕೂಸಿಗಿಂತ ಚೀಲ ಎಷ್ಟೋ ಭಾರ. ನನಗೆ ನೆಮ್ಮದಿಯಾಯಿತು.

ನೀನು ಹುಟ್ಟಿದೆ, ದೊಡ್ಡವಳೇ. ಹೆಸರಿಡುವ ದಿನ ಬಂತು. ಹರಿಹರದಿಂದ ವ್ಯಾನಿನ ತುಂಬ ಜನ ಬಂದರು. ನಿಮ್ಮ ಹರಿಹರದ ಅಜ್ಜಿ ಎಲ್ಲರಿಗಿಂತ ಕೊನೆಗೆ ಇಳಿದರು, ಸೆರಗಿನಲ್ಲಿ ಏನೋ ಭಾರದ್ದನ್ನು ಹೊತ್ತುಕೊಂಡು. ಅವರ ಅಡುಗೆಮನೆಯ ಗುಂಡುಕಲ್ಲು, ಒರಳಲ್ಲಿ ಚಟ್ನಿ ಅರೆಯುವುದು. ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಗುಂಡುಕಲ್ಲನ್ನು ಮಲಗಿಸಿ ತೂಗುವುದು ನಮ್ಮ ಕಡೆಯ ರೂಢಿ. ಕಲ್ಲಿನಂತೆ ಗಟ್ಟಿಯಾಗಲಿ ಎಂದು. ನಮ್ಮಲ್ಲೂ ಒಂದು ಗುಂಡುಕಲ್ಲಿತ್ತು, ಚಿಕ್ಕದು. ಅವರದು ಅವರ ಅತ್ತೆಯ ಕಾಲದ್ದು, ಒಂದು ತುದಿ ದಪ್ಪ, ಒಂದು ತುದಿ ಸಣ್ಣ. ನಮ್ಮ ಮನೆಯ ಮಕ್ಕಳೆಲ್ಲ ಇದರ ಬೆನ್ನಿಗೇ ಮಲಗಿದವರು ಎಂದು ಅವರು ವ್ಯಾನಿನ ಬಳಿಯೇ ಸಾರಿದರು.

ಹೆಂಗಸರು ಕಲ್ಲಿಗೆ ಎಣ್ಣೆ ಹಚ್ಚಿ ಮಿಂಚಿಸಿ, ನಿನ್ನ ಕುಲಾವಿಯನ್ನೇ ಅದರ ತಲೆಗೆ ಕಟ್ಟಿದರು. ಮುತ್ತೈದೆಯರು ಎರಡೂ ಕಡೆ ನಿಂತು ಅದನ್ನು ತೊಟ್ಟಿಲ ಕೆಳಗಿಂದ ಒಬ್ಬರು ಕೊಟ್ಟು, ಮೇಲಿಂದ ಒಬ್ಬರು ಇಸಕೊಂಡು, ಗುಂಡಣ್ಣ ಬಂದ ಗುಂಡಣ್ಣ ಬಂದ ಎಂದು ನಗುತ್ತಾ ಮಲಗಿಸಿದರು. ನಾನು ಅಡುಗೆಮನೆಯ ಹೊಸ್ತಿಲ ಬಳಿ ನೆಲಕ್ಕೆ ಕೂತು ಗುಗ್ಗರಿಯ ಪಾತ್ರೆ ಕಾಯುತ್ತಿದ್ದೆ. ಯಾರೂ ನನ್ನನ್ನು ಅಲ್ಲಿ ಕೂರು ಅಂದಿರಲಿಲ್ಲ. ನಿಮ್ಮ ಅಜ್ಜ ಹೋದ ಮೇಲೆ ಇಂಥ ಕಾರ್ಯಗಳಲ್ಲಿ ನಾನಾಗೇ ಹಿಡಿದುಕೊಂಡ ಜಾಗ ಅದು. ನನ್ನನ್ನು ಕರೆಯಬೇಕೋ ಬಿಡಬೇಕೋ ಎಂಬ ಪೇಚು ಯಾರಿಗೂ ಬಾರದಂತೆ ತಪ್ಪಿಸುವ ಜಾಗ.

ಹಾಡು ಶುರುವಾಯಿತು. ತೊಟ್ಟಿಲು ತೂಗತೊಡಗಿತು. ಆಗ ನನಗೆ ಒಂದು ಸದ್ದು ಕೇಳಿತು. ಪಟ್ಟಿಯ ಮೇಲೆ ಪಟ್ಟಿ ಜಾರುವಾಗ ಒಂದು ಸಣ್ಣ ಕೀರಲು ದನಿ ಬರುತ್ತದೆ, ಹೊಸ ಚಪ್ಪಲಿಯ ಹಾಗೆ. ಹೆಣೆಯುವಾಗ ಅದು ಬರುವುದು ಸಹಜ. ಹೆಣೆದು ಮುಗಿದ ಮೇಲೆ ಬರಬಾರದು. ಹಾಡಿನ ನಡುವೆ ಯಾರಿಗೂ ಅದು ಕೇಳುವಂತಿರಲಿಲ್ಲ. ನಾನು ನೆಲಕ್ಕೆ ಕೂತಿದ್ದರಿಂದ ತೊಟ್ಟಿಲ ತಳ ನನ್ನ ಕಣ್ಣಿಗೆ ನೇರವಾಗಿತ್ತು. ಒಂದೊಂದು ತೂಗಾಟಕ್ಕೂ ಪಟ್ಟಿಗಳು ಅತ್ತಿತ್ತ ಸರಿದು, ನಾನು ಬಿಟ್ಟ ಸಂದುಗಳು ಒಂದರೊಳಗೊಂದು ಸೇರಿ ದೊಡ್ಡದಾಗುತ್ತಿದ್ದವು. ಅಕ್ಕಿಯ ಚೀಲ ಅಗಲವಾಗಿ ಕೂರುತ್ತದೆ, ಅದನ್ನು ನಾನು ತೂಗಿಯೂ ಇರಲಿಲ್ಲ. ಕಲ್ಲು ಒಂದೇ ಕಡೆ ಊರುತ್ತದೆ. ಕೂಸಿನ ಹಿಮ್ಮಡಿಯೂ ಹಾಗೆಯೇ, ತಲೆಯೂ ಹಾಗೆಯೇ. ನೋಡನೋಡುತ್ತಿದ್ದಂತೆ ಎಣ್ಣೆ ಹಚ್ಚಿದ ಕಲ್ಲಿನ ಸಣ್ಣ ತುದಿ ತಳದಿಂದ ಹೊರಗೆ ಇಣುಕಿತು.

ಹಾಡು ಮುಗಿಯಿತು. ಒಬ್ಬಾಕೆ ಗುಂಡಣ್ಣನನ್ನು ಎತ್ತಿಕೊಂಡಳು. ಮೇಲಿಂದ ನೋಡುವವರಿಗೆ ಹಾಸಿದ ಬಟ್ಟೆ ಮಾತ್ರ ಕಾಣುತ್ತಿತ್ತು. ನಿಮ್ಮ ಸೋದರತ್ತೆ ನಿನ್ನನ್ನು ಎತ್ತಿಕೊಂಡು ತೊಟ್ಟಿಲ ಬಳಿ ಬಂದಳು.

ಆ ಗಳಿಗೆಯಲ್ಲಿ ಮನೆಯ ಯಾರ ಬಾಯಿಂದಲೂ ಬರಬಾರದ ಮಾತೊಂದಿದೆ. ನನ್ನಂಥವಳ ಬಾಯಿಂದಂತೂ ಬರಲೇಬಾರದು. ಅದು ಬಂತು.

"ಬ್ಯಾಡ. ಕೂಸಿನ್ನ ಹಾಕಬ್ಯಾಡ್ರಿ."

ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. ಎಲ್ಲರೂ ತಿರುಗಿದರು. ಹರಿಹರದ ಕಡೆಯ ವಯಸ್ಸಾದ ಹೆಂಗಸೊಬ್ಬರು, ಒಳ್ಳೆ ಹೊತ್ತಿನಾಗ ಇದೆಂಥಾ ಮಾತು ಎಂದು ಪಕ್ಕದವರಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿತು. ನಿಮ್ಮ ಅಮ್ಮನ ಮುಖ ಬಿಳಿಚಿತು. ಎದ್ದು ಜನರ ನಡುವೆ ನಡೆದು ತೊಟ್ಟಿಲ ಕೆಳಗೆ ಕೈ ಹಾಕಿದೆ. ನನ್ನ ಬೆರಳುಗಳು ತಳದಿಂದ ಮೇಲೆ ಬಂದು ಹಾಸಿದ ಬಟ್ಟೆಯನ್ನು ಎತ್ತಿದವು.

ನಿಮ್ಮ ಹರಿಹರದ ಅಜ್ಜಿ ಮಂಡಿ ಹಿಡಿದುಕೊಂಡು ಬಗ್ಗಿ ತಾವೂ ಕೈ ಹಾಕಿದರು. ಅವರ ಬಳೆ ತುಂಬಿದ ಕೈಯೂ ಮಣಿಕಟ್ಟಿನವರೆಗೆ ಬಂತು. ನನ್ನ ಮುಖ ನೋಡಿದರು. ಪಾರ್ಸಲ್ಲಿನ ಮಾತು ಈಗ ಬರುತ್ತದೆ ಎಂದು ನಾನು ಕಾದೆ. ಅವರು ನೆಟ್ಟಗೆ ನಿಂತು ಜನರ ಕಡೆ ತಿರುಗಿದರು.

"ಅಕ್ಕಾರ ಹೇಳಿದ್ದು ಸರಿ ಐತೆ. ಗುಂಡಣ್ಣಗ ಇನ್ನೂ ನಿದ್ದಿ ಹತ್ತಿಲ್ಲ, ಅಷ್ಟರಾಗೇ ಎತ್ತಿದ್ರಿ ನೀವು. ಅಣ್ಣ ಮಲಗದೇನೇ ತಂಗಿ ಹೆಂಗೆ ಮಲಗ್ತಾಳ? ಇಡ್ರಿ ವಾಪಸ್. ಇನ್ನೊಂದು ಹಾಡ್ರಿ."

ಯಾರೋ ನಕ್ಕರು, ಹಾಗೆಯೇ ಎಲ್ಲರೂ ನಕ್ಕರು. ಕಲ್ಲು ಮತ್ತೆ ತೊಟ್ಟಿಲಿಗೆ ಬಂತು. ಅದು ಕೆಳಗೆ ಬೀಳದಂತೆ ನಾವಿಬ್ಬರೂ ಆಚೆಗೊಬ್ಬರು ಈಚೆಗೊಬ್ಬರು ನಿಂತು, ತೂಗುವವರ ಹಾಗೆ ತಳಕ್ಕೆ ಕೈ ಕೊಟ್ಟುಕೊಂಡೆವು. ಕಲ್ಲಿನ ಭಾರ ನನ್ನ ಅಂಗೈ ಮೇಲೆ, ನನ್ನ ಅಂಗೈ ಅವರ ಅಂಗೈ ಮೇಲೆ. ಅವರು ಹಾಡಿದರು, ನಾನು ತುಟಿ ಮಾತ್ರ ಆಡಿಸಿದೆ. ಹಾಡಿನ ನಡುವೆ ಅವರು ಮೆಲ್ಲಗೆ ಅಂದರು, ನಿಮ್ಮ ಕಡೆ ಸ್ವಲ್ಪ ಎತ್ರಿ, ನನ್ನ ಕೈ ಸೋತೈತೆ ಎಂದು. ನಿಮ್ಮ ಸೋದರತ್ತೆ ನಿನ್ನನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡು ಹೆಸರನ್ನು ಕಿವಿಯಲ್ಲಿ ಹೇಳಿದಳು. ಗುಂಡಣ್ಣ ಮಲಗಿದ್ದಾನೆ, ಎಬ್ಬಿಸುವುದು ಬೇಡ ಎಂದು ತೀರ್ಮಾನವಾಗಿತ್ತು.

ಊಟ ಮುಗಿದು ವ್ಯಾನು ಹೊರಟಿತು. ನಿಮ್ಮ ಹರಿಹರದ ಅಜ್ಜಿ ಹೊರಡಲಿಲ್ಲ. ಬಸ್ಸಿಗೆ ಬರುತ್ತೇನೆ ಎಂದು ಎಲ್ಲರನ್ನೂ ಕಳಿಸಿ, ಸೆರಗು ಸಿಕ್ಕಿಸಿಕೊಂಡು ತೊಟ್ಟಿಲ ಕೆಳಗೆ ನೆಲದ ಮೇಲೆ ಅಂಗಾತ ಮಲಗಿ ತಳವನ್ನು ನೋಡಿದರು. ನಾನು ಪಕ್ಕದಲ್ಲಿ ಕೂತು, ಅಂಗಡಿಯ ತೊಟ್ಟಿಲನ್ನೇ ತರಿಸುತ್ತೇನೆ ಅಂದೆ.

"ಯಾಕ?" ಎಂದರು ಮಲಗಿದಲ್ಲಿಂದಲೇ. "ನನ್ನ ಮೊಮ್ಮಗಳಿಗೆ ಅಂತ ಇಷ್ಟು ಹೆಣದೀರಿ. ಇದೇನು ಕೆಟ್ಟಿಲ್ಲ, ಅಲ್ಲಾಡ್ತೈತಿ ಅಷ್ಟ. ನಮ್ಮನ್ಯಾಗ ಬೆತ್ತದ ಕುರ್ಚಿ ಐತಲ್ಲ, ಅದರಾಗೂ ತೂತು ಅದಾವು. ನಮ್ಮ ಯಜಮಾನ್ರು ಅಷ್ಟು ದಪ್ಪ, ಎಂದಾದ್ರೂ ಕೆಳಗ ಬಿದ್ದಾರೇನು?"

ನಾನು ಆ ಕುರ್ಚಿಯನ್ನು ನೆನಪು ಮಾಡಿಕೊಂಡೆ. ಉದ್ದಕ್ಕೆ ಎಳೆ, ಅಡ್ಡಕ್ಕೆ ಎಳೆ, ಅವುಗಳ ಮೇಲೆ ಎರಡೂ ಮೂಲೆಯಿಂದ ಓರೆ ಎಳೆ. ಓರೆ ಎಳೆ ಉಳಿದ ಎರಡನ್ನೂ ಅಲುಗದಂತೆ ಹಿಡಿಯುತ್ತದೆ, ಸಂದು ಸಂದಾಗಿಯೇ ಉಳಿಯುತ್ತದೆ. ಬುಟ್ಟಿಯನ್ನು ಬಿಚ್ಚಿ ಕಲಿತವಳಿಗೆ ಕುರ್ಚಿಯನ್ನು ನೋಡಬೇಕು ಎಂದು ಹೊಳೆದಿರಲಿಲ್ಲ.

ಓರೆ ಎಳೆಗೆ ಇನ್ನೂ ಪಟ್ಟಿ ಬೇಕಿತ್ತು. ಮರುದಿನ ಬೆಳಿಗ್ಗೆಯ ಬಸ್ಸಿಗೆ ಮತ್ತೆ ಬಂದ ಅವರು ತಾವೇ ಚೌಕಿಪೇಟೆಗೆ ಹೋದರು. ಅಂಗಡಿಯ ಮೆಟ್ಟಿಲು ಹತ್ತದೆ ಬೀದಿಯಿಂದಲೇ ಕೇಳಿದರಂತೆ. ತೋಳಿನ ತುಂಬ ಪಟ್ಟಿ ತಂದು ಹಾಕಿ, ಒಂದು ಬ್ಲೌಸ್ ಪೀಸೂ ತಂದಿಲ್ಲ ನೋಡ್ರಿ ಅಂದರು. ನಿಮ್ಮ ಅಮ್ಮ ಎಲ್ಲವನ್ನೂ ಹೇಳಿಬಿಟ್ಟಿದ್ದಳು. ನಾನು ಪಟ್ಟಿ ಹಾಯಿಸಿದೆ, ಅವರು ಎದುರಿಗೆ ಕೂತು ತುದಿ ಹಿಡಿದು ಎಳೆದು ಬಿಗಿದರು. ಅವರ ಬೆರಳಿಗೂ ಬಟ್ಟೆ ಸುತ್ತಿದೆ. ಇಬ್ಬರೇ ಇದ್ದಾಗ ಅವರ ದನಿ ಅಷ್ಟು ದೊಡ್ಡದಲ್ಲ.

ಹೆಣಿಗೆ ಮುಗಿದರೂ ನಿನ್ನನ್ನು ಮಲಗಿಸಲಿಲ್ಲ. ಗುಂಡಣ್ಣ ಇರಲಿ, ಅವನೇ ಸಾಕ್ಷಿ ಎಂದು ಅವರು ಕಲ್ಲನ್ನು ಅಲ್ಲೇ ಬಿಟ್ಟುಹೋದರು. ನೀನು ಸೀರೆಯ ಜೋಲಿಯಲ್ಲಿ ಮಲಗುತ್ತಿದ್ದೆ, ಕಲ್ಲು ತೊಟ್ಟಿಲಲ್ಲಿ. ಹೋಗುವಾಗ ಬರುವಾಗ ನಾವೆಲ್ಲ ಅದನ್ನು ಒಂದು ಸಲ ತೂಗುತ್ತಿದ್ದೆವು. ಕೆಲಸದಿಂದ ಬಂದ ನಿಮ್ಮ ಮಾವ ಕೂಸಿಗಿಂತ ಮೊದಲು ಕಲ್ಲನ್ನು ಮಾತಾಡಿಸುತ್ತಿದ್ದ. ಅತ್ತ ಹರಿಹರದಲ್ಲಿ ಅರೆಯುವುದಕ್ಕೆ ಕಲ್ಲಿಲ್ಲ. ದಿನಾ ಫೋನು ಬರುತ್ತಿತ್ತು. ಸೊಸೆ ಹೇಗಿದ್ದಾಳೆ, ಕೂಸು ಹಾಲು ಕುಡಿಯಿತೇ, ಆಮೇಲೆ ದನಿ ಇಳಿಸಿ, ಅಣ್ಣ ಹೆಂಗದಾನ, ನಮ್ಮ ಯಜಮಾನ್ರು ಮಿಕ್ಸಿ ಚಟ್ನಿ ತಿಂದು ಮುನಿಸಿಕೊಂಡಾರ. ನಾನು ತೂಗಿ, ಫೋನನ್ನು ತೊಟ್ಟಿಲ ಬಳಿ ಹಿಡಿಯುತ್ತಿದ್ದೆ. ಏನೂ ಕೇಳಲಿಲ್ಲ ಎನ್ನುತ್ತಿದ್ದರು. ಅದೇ ಬೇಕಾದದ್ದು ಎನ್ನುತ್ತಿದ್ದೆ. ಅಷ್ಟರಲ್ಲಿ ಫೋನಿನಲ್ಲಿ ಮಾತಾಡುವುದು ನನಗೆ ರೂಢಿಯಾಗಿತ್ತು.

ಒಂದು ಮಧ್ಯಾಹ್ನ ಅವರು ಬಂದರು. ಕೈಕಾಲು ತೊಳೆದು, ತೊಟ್ಟಿಲನ್ನು ಜೋರಾಗಿ ತೂಗಿ, ತಳಕ್ಕೆ ಕಿವಿ ಕೊಟ್ಟು ನಿಂತರು. ಕಲ್ಲನ್ನು ಎತ್ತಿ ತಮ್ಮ ಕಂಕುಳಲ್ಲಿ ಇಟ್ಟುಕೊಂಡರು. ನಿಮ್ಮ ಅಮ್ಮ ನಿನ್ನನ್ನು ಅವರ ಕಡೆ ಚಾಚಿದಳು.

"ನನ್ನ ಕೈ ಖಾಲಿ ಇಲ್ಲ. ನೀವೇ ಹಾಕ್ರಿ, ಅಕ್ಕಾರ."

ನಾನು ಹಾಕಿದೆ. ನೀನು ಒಮ್ಮೆ ಕಾಲು ಒದ್ದು, ಮುಷ್ಟಿಯನ್ನು ಬಾಯಿಗೆ ಹಿಡಿದು ಸುಮ್ಮನಾದೆ. ನಾನು ತೂಗಿದೆ. ಹಗ್ಗ ಕೊಕ್ಕೆಗೆ ತಾಗುವ ಸದ್ದು ಮಾತ್ರ ಕೇಳಿತು. ಪಟ್ಟಿಗಳು ಮಾತಾಡಲಿಲ್ಲ. ಮೂವರೂ ಎಷ್ಟೋ ಹೊತ್ತು ನಿಂತೇ ಇದ್ದೆವು, ಚಹಾದ ನೆನಪು ಯಾರಿಗೂ ಬರಲಿಲ್ಲ.

ಹೊರಡುವಾಗ ಅವರಿಗೆ ನಾನು ಒಂದು ಬುಟ್ಟಿ ಕೊಟ್ಟೆ. ಗುಂಡಣ್ಣನ ಅಳತೆಗೆ ಹೆಣೆದದ್ದು, ಬಿಳಿ ಮತ್ತು ಹಳದಿ, ತೊಟ್ಟಿಲು ಹೆಣೆದು ಉಳಿದ ಪಟ್ಟಿಗಳಿಂದ. ಅವರು ಕಲ್ಲನ್ನು ಒಳಗಿಟ್ಟು, ಬುಟ್ಟಿಯ ಮೈಯ ಮೇಲೆ ಬೆರಳಾಡಿಸಿ, ಇದರಾಗ ಯಾಕ ಸಂದು ಬಿಟ್ಟಿಲ್ಲ ಎಂದು ಕೇಳಿದರು. ಅವನಿಗೆ ಗಾಳಿ ಬ್ಯಾಡ ಅಂದೆ.

ನಿಮ್ಮ ಮಾವ ಅವರನ್ನು ಹರಿಹರದ ಬಸ್ಸು ಹತ್ತಿಸಿ ಬಂದ. ಕಂಡಕ್ಟರ್ ಸಾಮಾನನ್ನು ಸೀಟಿನ ಕೆಳಗಿಡಿ ಎಂದನಂತೆ. ಅವರು ಕೇಳಲಿಲ್ಲವಂತೆ, ಊರು ಬರುವವರೆಗೂ ಇಡುವವರಲ್ಲ ಎಂಬ ಹಾಗೆ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರಂತೆ.